ವರ್ಚುವಲ್ ಯಂತ್ರಗಳಿಗೆ ನೇರ ನೆಟ್‌ವರ್ಕ್ ಕಾರ್ಡ್: ಅನುಕೂಲ ಮತ್ತು ಮಿತಿ

ಕ್ಲೌಡ್ ವ್ಯವಸ್ಥೆಯಲ್ಲಿ ಒಂದೇ ಸರ್ವರ್‌ನೊಳಗೆ ಅನೇಕ ವರ್ಚುವಲ್ ಯಂತ್ರಗಳು ಕಾರ್ಯನಿರ್ವಹಿಸುತ್ತವೆ. ಸಾಮಾನ್ಯವಾಗಿ ಅವುಗಳ ದತ್ತಾಂಶವು ಹೈಪರ್‌ವೈಸರ್ ಎಂಬ ನಿಯಂತ್ರಕ ತಂತ್ರಾಂಶದ ಮೂಲಕ ನೆಟ್‌ವರ್ಕ್ ಕಾರ್ಡನ್ನು ತಲುಪುತ್ತದೆ. ಇದರಿಂದ ಪ್ರೊಸೆಸರ್‌ಗೆ ಹೊರೆ ಹೆಚ್ಚುತ್ತದೆ. ‘ಪಿಸಿಐ ಪಾಸ್‌ತ್ರೂ’ ವಿಧಾನದಲ್ಲಿ ಕಾರ್ಡನ್ನೇ ಒಂದು ಯಂತ್ರಕ್ಕೆ ವಹಿಸಲಾಗುತ್ತದೆ. ಇದು ನೀರಿನ ಟ್ಯಾಂಕಿನ ಒಂದು ಕೊಳವೆಯನ್ನು ಒಂದೇ ಮನೆಗೆ ಮೀಸಲಿಟ್ಟಂತೆ: ವೇಗ ಹೆಚ್ಚುತ್ತದೆ, ಆದರೆ ಆ ಕಾರ್ಡು ಉಳಿದ ಯಂತ್ರಗಳಿಗೆ ದೊರೆಯದು. ‘ಎಸ್‌ಆರ್-ಐಒವಿ’ ತಂತ್ರಜ್ಞಾನವು ಒಂದೇ ಕಾರ್ಡನ್ನು ಹಲವು ಯಂತ್ರಗಳಿಗೆ ಹಂಚಿ ಈ ಕೊರತೆಯನ್ನು ನೀಗಿಸುತ್ತದೆ.

ಎರಡರಲ್ಲಿಯೂ ಯಂತ್ರವು ಹಾರ್ಡ್‌ವೇರ್‌ಗೆ ಬಂಧಿತವಾಗುವುದರಿಂದ, ಚಾಲನೆಯಲ್ಲಿರುವಾಗಲೇ ಅದನ್ನು ಬೇರೆ ಸರ್ವರ್‌ಗೆ ಸ್ಥಳಾಂತರಿಸುವುದು ಕಷ್ಟ. ಸರ್ವರ್ ದುರಸ್ತಿಯ ವೇಳೆ ಸೇವೆಯೇ ನಿಲ್ಲಬಹುದು. ಆದುದರಿಂದ ಅತಿವೇಗ ಅನಿವಾರ್ಯವಾದ ಕಾರ್ಯಗಳಿಗೆ ಮಾತ್ರ ಇದು ಸೂಕ್ತ. ತೆರಿಗೆ ಪಾವತಿಯಂತಹ, ಜನರು ನಿತ್ಯ ಅವಲಂಬಿಸುವ ಸೇವೆಗಳಿಗೆ ಸಾಮಾನ್ಯ ಸಂಪರ್ಕವೇ ಸಾಕು. ಇಂತಹ ಪ್ರಸ್ತಾವನೆ ಸಭೆಗೆ ಬಂದಾಗ, ದುರಸ್ತಿಯ ಅವಧಿಯಲ್ಲಿ ಸೇವೆ ಹೇಗೆ ಮುಂದುವರಿಯುತ್ತದೆ ಎಂಬುದನ್ನು ಮಾನ್ಯ ಸದಸ್ಯರು ಮೊದಲು ಖಚಿತಪಡಿಸಿಕೊಳ್ಳುವುದು.