ಕರಿಕೋಟು ಕಳಚಿಟ್ಟ ವಕೀಲರು

ವಕೀಲನ ಕಿವಿಗೆ ಬಿದ್ದ ಗುಟ್ಟು ಹೊರಗೆ ಹೋಗದು ಎಂಬ ನಂಬಿಕೆಯ ಮೇಲೆ ವಕೀಲಿ ವೃತ್ತಿ ನಿಂತಿದೆ. ಅಪರಾಧಕ್ಕೆ ನೆರವು ಕೇಳಿದ ಮಾತನ್ನು ಬಿಟ್ಟರೆ, ಕಕ್ಷಿದಾರ ಹೇಳಿಕೊಂಡಿದ್ದನ್ನು ಬಹಿರಂಗಪಡಿಸು ಎಂದು ವಕೀಲನನ್ನು ಯಾರೂ ಒತ್ತಾಯಿಸುವಂತಿಲ್ಲ. ಆದರೆ ಅದೇ ಕಾನೂನು ಓದಿ, ತಿಂಗಳ ಸಂಬಳಕ್ಕೆ ಒಂದೇ ಕಂಪನಿಯಲ್ಲಿ ದುಡಿಯುವ ‘ಲಾ ಆಫೀಸರ್’ ಕೇಳಿಸಿಕೊಂಡ ಗುಟ್ಟಿಗೂ ಈ ಬೀಗ ಉಂಟೇ? 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ಅದೇ ತೀರ್ಪಿನ ಇನ್ನೊಂದು ಭಾಗ: ಸಲಹೆ ಕೊಟ್ಟ ಕಾರಣಕ್ಕೆ ತನಿಖಾ ಸಂಸ್ಥೆಗಳು ವಕೀಲರಿಗೆ ಮನಬಂದಂತೆ ಸಮನ್ಸ್ ಕಳುಹಿಸಕೂಡದು ಎಂಬುದು. ಕಂಪನಿ ವಕೀಲರ ಮಾತು ಬಂದದ್ದು ಕೊನೆಯಲ್ಲಿ. ಅವರ ದಿನನಿತ್ಯದ ಕೆಲಸದ ರೀತಿಯನ್ನೇ ಅದು ಅಲುಗಿಸಿದೆ.

ಇದರ ಮೂಲ ಸನ್ನದಿನಲ್ಲಿದೆ. ಕಾನೂನು ಪದವೀಧರ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದರಷ್ಟೇ ವಕೀಲ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ, ವಕೀಲಿ ನಡೆಸುವವನು ಯಾರ ಬಳಿಯೂ ಪೂರ್ಣಾವಧಿ ಸಂಬಳದ ನೌಕರನಾಗುವಂತಿಲ್ಲ. ನೌಕರಿ ಹಿಡಿದರೆ ಪರಿಷತ್ತಿಗೆ ತಿಳಿಸಿ, ಅದು ಇರುವಷ್ಟು ಕಾಲ ವಕೀಲಿ ನಿಲ್ಲಿಸಬೇಕು. ವಕೀಲ ಕಕ್ಷಿದಾರನಿಗೆ ಸೇರಿದಷ್ಟೇ ನ್ಯಾಯಾಲಯಕ್ಕೂ ಸೇರಿದವನು, ಸಂಬಳ ಕೊಡುವ ಧಣಿಯ ಎದುರು ಆ ಸ್ವಾತಂತ್ರ್ಯ ಉಳಿಯದು ಎಂಬುದು ಇದರ ಹಿಂದಿನ ವಾದ. ಹಿಮಾಚಲ ಪ್ರದೇಶ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಈ ನಿಯಮವನ್ನೇ ಎತ್ತಿಹಿಡಿದು, ಅವರ ನೋಂದಣಿ ರದ್ದಾದದ್ದು ಸರಿ ಎಂದಿತು. ಹೀಗಾಗಿ ಕಂಪನಿಯ ಮೊಕದ್ದಮೆಯನ್ನು ಅಂಗೈ ಗೆರೆಯಂತೆ ಬಲ್ಲ ಅಧಿಕಾರಿ, ವಿಚಾರಣೆಯ ದಿನ ಹೊರಗಿನ ವಕೀಲರ ಕೈಗೆ ಕಡತ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ.

ಹಿಂದೆ ಇದು ಅಷ್ಟಾಗಿ ಚುಚ್ಚುತ್ತಿರಲಿಲ್ಲ. ಕಾರ್ಖಾನೆಯ ಜಮೀನಿನ ತಕರಾರು, ಕಾರ್ಮಿಕ ನ್ಯಾಯಾಲಯದ ವಾಯಿದೆ, ಸರಬರಾಜುದಾರರ ಕರಾರು ಇಷ್ಟಕ್ಕೆ ಲಾ ಆಫೀಸರನ ಜಗತ್ತು ಮುಗಿಯುತ್ತಿತ್ತು. 1991ರ ಉದಾರೀಕರಣದ ನಂತರ ವಿದೇಶಿ ಪಾಲುದಾರರು ಬಂದರು, ಕರಾರುಗಳು ನೂರಾರು ಪುಟಗಳಾದವು. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ರಕ್ಷಣೆ ನೀಡುವ 2013ರ ಕಾಯ್ದೆ, ಅದೇ ವರ್ಷದ ಹೊಸ ಕಂಪನಿ ಕಾಯ್ದೆ, 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಒಂದರ ಹಿಂದೆ ಒಂದು ಬಂದವು. ಮೊಕದ್ದಮೆ ಬಂದ ಮೇಲೆ ನೆನಪಾಗುತ್ತಿದ್ದವನನ್ನು ಈಗ ನಿರ್ಧಾರಕ್ಕೆ ಮುಂಚೆಯೇ ಕರೆಯತೊಡಗಿದರು.

ಅದಕ್ಕಿಂತ ದೊಡ್ಡ ಬದಲಾವಣೆ ಮಾತಿನದು. ಮೊದಲು ವ್ಯವಸ್ಥಾಪಕರು ಕೋಣೆಯ ಬಾಗಿಲು ಹಾಕಿಸಿ, ಕಾಫಿ ತರಿಸಿ, ‘ಹೀಗೆ ಮಾಡಿದರೆ ಏನಾಗುತ್ತೆ?’ ಎಂದು ಕೇಳುತ್ತಿದ್ದರು. ಉತ್ತರ ಗಾಳಿಯಲ್ಲಿ ಹೋಗುತ್ತಿತ್ತು. ಇ-ಮೇಲ್ ಅದನ್ನು ಅಕ್ಷರಕ್ಕಿಳಿಸಿತು. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಿಂದ ದುಡಿಯತೊಡಗಿದ ಮೇಲೆ ಮೊಗಸಾಲೆಯ ಪಿಸುಮಾತೂ ಮೊಬೈಲ್ ಸಂದೇಶವಾಯಿತು. ಗುಟ್ಟೆಲ್ಲ ಕಂಪ್ಯೂಟರಿನಲ್ಲಿ ದಿನಾಂಕ, ಗಳಿಗೆ ಸಮೇತ ದಾಖಲಾಗಿ ಕುಳಿತಿದೆ. ತೀರ್ಪು ಬಂದದ್ದು ಇಂಥ ಹೊತ್ತಿನಲ್ಲಿ.

ಬಾಂಬೆ ಹೈಕೋರ್ಟ್ 1980ರ ದಶಕದ ಆರಂಭದ ಒಂದು ಪ್ರಕರಣದಲ್ಲಿ, ಸಂಬಳದ ಕಾನೂನು ಸಲಹೆಗಾರನಿಗೂ ಗೋಪ್ಯತೆಯ ರಕ್ಷಣೆ ಸಲ್ಲುತ್ತದೆ ಎಂದಿತ್ತು. ಆ ಧೈರ್ಯದಲ್ಲೇ ಕಂಪನಿ ವಕೀಲರು ನಾಲ್ಕು ದಶಕ ಟಿಪ್ಪಣಿ ಬರೆದರು. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮು ನ್ಯಾಯಾಲಯದಲ್ಲಿ ವಕೀಲಿ ನಡೆಸುವವರಿಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ ಈಗ ಹೇಳಿದೆ. ಕಂಪನಿ ವಕೀಲ ಹೊರಗಿನ ವಕೀಲರೊಡನೆ ನಡೆಸುವ ವ್ಯವಹಾರಕ್ಕೆ 134ನೇ ಕಲಮಿನ ರಕ್ಷಣೆ ಉಂಟು. ತನ್ನ ಧಣಿಯೊಡನೆ ಆಡಿದ ಮಾತಿಗೆ ಅದೂ ಇಲ್ಲ.

ಯುರೋಪಿನಲ್ಲಿ ಇದು ಮೊದಲೇ ಆಗಿತ್ತು. 2003ರಲ್ಲಿ ಯುರೋಪಿಯನ್ ಕಮಿಷನ್ನಿನ ಅಧಿಕಾರಿಗಳು ಆಕ್ಜೋ ನೊಬೆಲ್ ಸಮೂಹದ ಬ್ರಿಟನ್ ಕಚೇರಿಗಳನ್ನು ಶೋಧಿಸಿದಾಗ, ವ್ಯವಸ್ಥಾಪಕರು ಮತ್ತು ಕಂಪನಿ ವಕೀಲರ ನಡುವಿನ ಎರಡು ಇ-ಮೇಲ್ ಸಿಕ್ಕವು. ಆ ವಕೀಲರಿಗೆ ನೆದರ್ಲೆಂಡ್ಸಿನ ಸನ್ನದೂ ಇತ್ತು. ಆದರೂ ಧಣಿಯ ಸಂಬಳವನ್ನು ನಂಬಿದವನು ಪೂರ್ತಿ ಸ್ವತಂತ್ರನಲ್ಲ ಎಂದು ಐರೋಪ್ಯ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು. ಅಮೆರಿಕದ್ದು ಬೇರೆ ದಾರಿ. ವಿದೇಶಿ ಅಧಿಕಾರಿಗಳಿಗೆ ಹಣ ಹೋಗಿದೆಯೇ ಎಂದು ತಿಳಿಯಲು ಅಪ್‌ಜಾನ್ ಎಂಬ ಔಷಧ ಕಂಪನಿಯ ಮುಖ್ಯ ವಕೀಲರು 1976ರಲ್ಲಿ ತಮ್ಮ ವ್ಯವಸ್ಥಾಪಕರಿಗೆ ಪ್ರಶ್ನಾವಳಿ ಕಳುಹಿಸಿದ್ದರು. ತೆರಿಗೆ ಇಲಾಖೆ ಕೇಳಿದರೂ ಉತ್ತರಗಳನ್ನು ಕೊಡಬೇಕಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿತು. ಅಮೆರಿಕದ ಕಂಪನಿಯೊಂದರ ಬೆಂಗಳೂರು ಕಚೇರಿಯಲ್ಲಿರುವ ವಕೀಲರ ಪಾಡು ಊಹಿಸಿಕೊಳ್ಳಿ: ಒಂದೇ ಪತ್ರ, ಅಲ್ಲಿ ಗುಟ್ಟು, ಇಲ್ಲಿ ಸಾಕ್ಷ್ಯ.

ಹಾಗಾಗಿ ಹೊಂದಿಕೊಳ್ಳುವ ಉಪಾಯಗಳು ಬೇಕಾಗಿವೆ. ‘ಗೋಪ್ಯ, ಕಾನೂನು ಸಲಹೆ’ ಎಂಬ ತಲೆಬರಹ ಹಾಕುವುದು ಹಳೆಯ ರೂಢಿ. ಅದರ ಬಲ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣಿನಷ್ಟೇ. ತೂಕದ ಪ್ರಶ್ನೆಗಳಿಗೆ ಆರಂಭದಲ್ಲೇ ಹೊರಗಿನ ವಕೀಲರನ್ನು ಕೂಡಿಸಿಕೊಳ್ಳುವುದು, ವ್ಯಾಪಾರದ ಸಲಹೆಯನ್ನೂ ಕಾನೂನಿನ ಸಲಹೆಯನ್ನೂ ಒಂದೇ ಕಾಗದದಲ್ಲಿ ಬೆರೆಸದಿರುವುದು ಗಟ್ಟಿ ದಾರಿಗಳು. ಇನ್ನೊಂದು ದಾರಿ, ಬರೆಯದೇ ಇರುವುದು. ನನಗೆ ಆತಂಕ ಹುಟ್ಟಿಸುವುದು ಇದೇ. ‘ಈ ಯಂತ್ರ ಅಪಾಯಕಾರಿ, ನಿಲ್ಲಿಸಿ’ ಎಂಬ ಎರಡು ಸಾಲು ಕಡತದಲ್ಲಿದ್ದರೆ ಮೇಲಿನವರು ಅದನ್ನು ದಾಟಿ ಹೋಗಲು ಹಿಂಜರಿಯುತ್ತಾರೆ. ಫೋನಿನಲ್ಲಿ ಹೇಳಿದ್ದಕ್ಕೆ ಆ ಭಾರವಿಲ್ಲ.

ತನಿಖೆ ಮಾಡುವವರ ಮಾತೂ ತಳ್ಳಿಹಾಕುವಂಥದ್ದಲ್ಲ. ಪ್ರತಿ ಪತ್ರದ ಒಂದು ಪ್ರತಿಯನ್ನು ಲಾ ಆಫೀಸರನಿಗೂ ಕಳುಹಿಸಿ ‘ಇದು ಗುಟ್ಟು’ ಎನ್ನಬಹುದಾದರೆ ಯಾವ ಕಂಪನಿಯ ತಪ್ಪೂ ಬಯಲಾಗದು. (ಸುದ್ದಿಮೂಲವನ್ನು ಹೇಳಬೇಕಿಲ್ಲ ಎಂಬ ರಕ್ಷಣೆ ಪತ್ರಕರ್ತರಿಗೆ ಕಾಯ್ದೆಯಲ್ಲಿರುವುದು ಪ್ರೆಸ್ ಕೌನ್ಸಿಲಿನ ಮುಂದೆ ಮಾತ್ರ. ಕಂಪನಿ ವಕೀಲರ ಸಂಕಟ ನಮಗೆ ಸ್ವಲ್ಪ ಅರ್ಥವಾಗುತ್ತದೆ.)

ದೊಡ್ಡ ಕಂಪನಿಗಳು ಹೊರಗಿನ ವಕೀಲರ ಶುಲ್ಕ ಭರಿಸಿಯಾವು. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಉದ್ಯಮಕ್ಕೆ ಪ್ರತಿ ಸಂದೇಹಕ್ಕೂ ಹಾಗೆ ಹಣ ತೆರುವುದು ಆಗದ ಮಾತು. ಅಲ್ಲಿ ಒಬ್ಬನೇ ಲಾ ಆಫೀಸರ್, ಒಂದೇ ಕಂಪ್ಯೂಟರ್. ಅವನು ಬರೆದ ಟಿಪ್ಪಣಿ, ಕೇಳಿದವರ ಕೈಗೆ ಸಿಗುವಂತೆ, ಅದರಲ್ಲೇ ಇರುತ್ತದೆ.