ಹತ್ತು ಗಂಟೆಗೆ ಮೈಕ್ ಬಂದ್. ಕೋಡಂಗಿ ಕುಣಿಯುವುದು ಯಾವಾಗ?

ಮೊನ್ನೆ ಕುಂದಾಪುರ ಕಡೆ ಒಂದು ಗದ್ದೆಯಲ್ಲಿ ಹರಕೆ ಆಟ. ಕೊಯ್ಲು ಮುಗಿದ ಗದ್ದೆ. ಕೂಳೆ ಚಪ್ಪಲಿಯ ಬದಿಯಿಂದ ಕಾಲಿಗೆ ಚುಚ್ಚುತ್ತಿತ್ತು. ಚರುಮುರಿ ಗಾಡಿ ದಾಟಿ ಸೀದಾ ಚೌಕಿಗೆ ಹೊಕ್ಕೆ. ಅರ್ಜುನನ ವೇಷದವರು ಒಂದು ಕೈಲಿ ಕನ್ನಡಿ ಹಿಡಿದು ನಾಮ ಎಳೀತಾ ಕೇಳಿದರು:

“ಹ್ವಾಯ್ ಭಾಗವತ್ರೆ, ಇವತ್ತ್ ಸುಧನ್ವ ಯಾರ್?”

“ಹೊಸ ಗಂಡು.”

“ಅಡ್ಡಿಲ್ಲ, ಕಾಂಬ.”

ಪ್ರಸಂಗ ‘ಸುಧನ್ವಾರ್ಜುನ’. ಇಬ್ಬರೂ ಎದುರುಬದುರು ನಿಂತು ಕುಣಿಯಬೇಕು, ವಾದ ಹೂಡಬೇಕು, ಯುದ್ಧ ಮಾಡಬೇಕು. ರಿಹರ್ಸಲ್ ಅಂತ ಆದದ್ದು ಇಷ್ಟೇ ಸ್ವಾಮಿ!

ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಯಕ್ಷಗಾನದಲ್ಲಿ ಬರೆದಿಟ್ಟದ್ದು ಪದ್ಯ ಮಾತ್ರ. ಮಾತು ಆಯಾ ರಾತ್ರಿಯದ್ದು. ಕುಣಿತ ಎಷ್ಟು, ಚಂಡೆಯ ಪೆಟ್ಟು ಎಷ್ಟು ಬಿಗಿ, ಒಂದು ಪದ್ಯ ಎಷ್ಟು ಹೊತ್ತು ಎಳೆಯಬೇಕು, ಎಲ್ಲ ರಂಗಸ್ಥಳದಲ್ಲೇ ತೀರ್ಮಾನ. ಭಾಗವತರು ಪದ ಎತ್ತುತ್ತಾರೆ. ಮದ್ದಳೆಯವರ ಕಣ್ಣು ವೇಷದ ಕಾಲ ಮೇಲೆ. ಕುಣಿಯುವವ ಹುರುಪಿನಲ್ಲಿದ್ದಾನೆ ಅಂತ ಕಂಡರೆ ಭಾಗವತರು ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಸೋತ ಅಂತ ಕಂಡರೆ ಬಿಡ್ತಿಗೆ ಕೊಟ್ಟು ಮುಗಿಸುತ್ತಾರೆ. ಮಾತು ದಾರಿ ತಪ್ಪಿದರೆ ತಾಳ ಒಮ್ಮೆ ‘ಟಿಣ್’ ಅಂದೀತು. ಅದು ಲಗಾಮು.

ಆ ರಾತ್ರಿ ಹೊಸ ಸುಧನ್ವ ಅರ್ಜುನನಿಗೆ ಒಂದು ಪ್ರಶ್ನೆ ಹಾಕಿದ. ಕೃಷ್ಣ ಪಕ್ಕದಲ್ಲಿ ಇಲ್ಲದಿದ್ದರೆ ನಿನ್ನ ಗಾಂಡೀವಕ್ಕೆ ಬೆಲೆ ಎಷ್ಟು ಅಂತ. ಹಿರಿಯರು ಒಂದು ಕ್ಷಣ ನಿಂತರು. ಸಭೆ ಉಸಿರು ಹಿಡಿಯಿತು. ಆಮೇಲೆ ಅವರು ನಕ್ಕು, ಆ ಬೆಲೆ ಕಟ್ಟುವ ಅಂಗಡಿ ನಿನ್ನ ತಂದೆಯ ಎಣ್ಣೆ ಕೊಪ್ಪರಿಗೆಯ ಹತ್ತಿರ ಉಂಟಾ ಅಂದರು. ಗದ್ದೆಗೆ ಗದ್ದೆಯೇ ಚಪ್ಪಾಳೆ! ಅಷ್ಟರಲ್ಲಿ ಭಾಗವತರು ಪದ ಎತ್ತಿಯೂ ಆಗಿತ್ತು. ಚಂಡೆ ಗುಡುಗಿತು.

ಪಿಯುಸಿ ಅರ್ಧಕ್ಕೆ ಬಿಟ್ಟವ ನಾನು. ನನಗೆ ಭಾರತ ಕಲಿಸಿದ್ದು ಪುಸ್ತಕ ಅಲ್ಲ, ಇಂಥ ಗದ್ದೆಗಳು.

ಆದರೆ ಈ ಸಲ ಚೌಕಿಯಲ್ಲಿ ಬೇರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ಇಬ್ಬರು ಹುಡುಗರು, ಮುಖಕ್ಕೆ ಬಣ್ಣ ಇಲ್ಲ, ಗೆಜ್ಜೆ ತೊಡೆಯ ಮೇಲೆ. “ಕೋಡಂಗಿ ಇಲ್ವಾ?” ಅಂದೆ. “ಹೊತ್ತಿಲ್ಲ” ಅಂದರು. ಹತ್ತಕ್ಕೆ ಮುಗಿಸಬೇಕು, ಅದಕ್ಕೆ ಸೀದಾ ಪ್ರಸಂಗಕ್ಕೇ ಹೋದದ್ದು.

ಇಲ್ಲಿ ಕೋರ್ಟು ಕಾನೂನಿನ ಮಾತು ಬರುತ್ತದೆ. ಕೇಂದ್ರದ 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2010ರ ತಿದ್ದುಪಡಿಯಲ್ಲಿ ವಾದ್ಯಗಳೂ ಸೇರಿದವು. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬಲ್. ಚಂಡೆ ಈ ಲೆಕ್ಕಕ್ಕೆ ಬಗ್ಗೀತೇ? 2022ರ ತಿರುಗಾಟದಲ್ಲಿ ಕಟೀಲು ಮೇಳಗಳೂ ಕಾಲಮಿತಿಗೆ ಬಂದವು. ಭಕ್ತರು ಅಸಮಾಧಾನಪಟ್ಟರು, ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು, 2024ರ ಜನವರಿಯಲ್ಲಿ ಇಡೀ ರಾತ್ರಿಯ ಆಟ ಮತ್ತೆ ಶುರುವಾಯಿತು.

ಹಾಗಂತ ಕಾನೂನನ್ನು ಬೈದು ಪ್ರಯೋಜನ ಇಲ್ಲ. ಗದ್ದೆಯ ಆಚೆ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇರುತ್ತದೆ, ನಿದ್ದೆ ಬಾರದ ಅಜ್ಜಿ ಇರುತ್ತಾರೆ. ನಾಲ್ಕು ದಿಕ್ಕಿಗೆ ನಾಲ್ಕು ಹಾರ್ನ್ ಕಟ್ಟಿದವರು ನಾವೇ. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೂ ಹತ್ತಕ್ಕೆ ಮುಗಿದರೆ ಅನುಕೂಲ. ಆಟ ಗಿಡ್ಡ ಮಾಡಿದ್ದು ಇವತ್ತಿನ ಪಾಪವೂ ಅಲ್ಲ. ಶಿವರಾಮ ಕಾರಂತರು ಮಾತನ್ನು ಬಹುಮಟ್ಟಿಗೆ ತೆಗೆದು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿ ಚಿಕ್ಕ ಪ್ರಯೋಗ ಕಟ್ಟಲಿಲ್ಲವೇ?

ಪ್ರಶ್ನೆ ಆಟ ಎಷ್ಟು ಗಂಟೆಯದ್ದು ಅನ್ನುವುದಲ್ಲ. ಕತ್ತರಿ ಮೊದಲು ಬೀಳುವುದು ಎಲ್ಲಿಗೆ? ಪೂರ್ವರಂಗಕ್ಕೆ! ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ನೋಡುವವರು ಆಗ ಇನ್ನೂ ಊಟಕ್ಕೆ ಕೂತಿರುತ್ತಾರೆ, ಆದ್ದರಿಂದ ಯಾರಿಗೂ ನಷ್ಟ ಕಾಣುವುದಿಲ್ಲ. ಆದರೆ ಹೊಸ ಹುಡುಗರು ಹೆಜ್ಜೆ ತಪ್ಪಿಸಿ, ಮದ್ದಳೆಯವರ ಕಣ್ಸನ್ನೆಯಿಂದ ತಿದ್ದಿಕೊಂಡು ಕಲಿಯುತ್ತಿದ್ದದ್ದು ಆ ಖಾಲಿ ಕುರ್ಚಿಗಳ ಎದುರೇ. ಚಂಡೆಗೆ ಹೊಸಬ ಕೈ ಹಾಕುವುದೂ ಆ ಹೊತ್ತಿಗೇ, ಸಂಗೀತಗಾರ ಭಾಗವತರು ಮುಖ್ಯ ಭಾಗವತರಿಗಿಂತ ಮೊದಲು ಹಾಡುವುದೂ ಆಗಲೇ.

ತರಗತಿಗಳು ಇವೆ, ಸಂತೋಷ. ಉಡುಪಿಯ ಯಕ್ಷಗಾನ ಕೇಂದ್ರ 1971ರಿಂದ ಕಲಿಸುತ್ತಾ ಬಂದಿದೆ. ಆದರೆ ಎದುರು ನಿಂತವ ಏನು ಕೇಳುತ್ತಾನೆ ಅಂತ ಗೊತ್ತಿಲ್ಲದೆ ಬಾಯಿ ತೆರೆಯುವ ಧೈರ್ಯ ರಂಗಸ್ಥಳದಲ್ಲೇ ಬರಬೇಕು. ಆ ಹೊಸ ಸುಧನ್ವನೂ ಒಂದು ಕಾಲಕ್ಕೆ ಕೋಡಂಗಿ ಕುಣಿದವನೇ. ನಾನು ಕೇಳಿಯೇ ಬಂದೆ.

ಆಟ ಆಡಿಸುವವರಿಗೆ ಒಂದು ಸಣ್ಣ ವಿನಂತಿ. ಏಳಕ್ಕೆ ಶುರು ಮಾಡುವ ಬದಲು ಆರಕ್ಕೆ ಮಾಡಿ. ಸನ್ಮಾನದ ಹಾರ, ಶಾಲು, ಭಾಷಣ ಅರ್ಧ ತಾಸು ಕಡಿಮೆ ಮಾಡಿ. ಹತ್ತು ಗಂಟೆಯ ಕಾನೂನೂ ಉಳಿಯಿತು, ಹುಡುಗರ ಹೊತ್ತೂ ಉಳಿಯಿತು. ಮೊನ್ನೆಯ ಗದ್ದೆಯಲ್ಲಿ ಭಾಷಣ ಎಷ್ಟು ಹೊತ್ತು ಅಂತ ಗಡಿಯಾರ ನೋಡಿದ್ದೆ. ನಲವತ್ತು ನಿಮಿಷ!

ಹತ್ತಕ್ಕೆ ಮಂಗಳ ಹಾಡಿದರು. ಚೌಕಿಯಲ್ಲಿ ಆ ಇಬ್ಬರು ಹುಡುಗರು ಹಿರಿಯರ ಕಿರೀಟ ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿದ್ದರು. ಅವರ ಗೆಜ್ಜೆ ಆಗಲೇ ಪೆಟ್ಟಿಗೆ ಸೇರಿತ್ತು.