ತುಕ್ಕು ಮತ್ತು ಸಂದೇಶ

ಮಳೆಯಲ್ಲಿ ಮರೆತುಬಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಕಬ್ಬಿಣವು ನೀರಿನ ಸಂಪರ್ಕದಲ್ಲಿ ಆಮ್ಲಜನಕದೊಡನೆ ಸೇರುವ ಈ ಕ್ರಿಯೆಯು ಉತ್ಕರ್ಷಣದ ಒಂದು ಬಗೆ. ಮಾನವ ಶರೀರದ ಜೀವಕೋಶಗಳಲ್ಲಿಯೂ ಉತ್ಕರ್ಷಣವು ಎಡೆಬಿಡದೆ ನಡೆಯುತ್ತಿರುತ್ತದೆ. ಆಶ್ಚರ್ಯವೆಂದರೆ, ಜೀವಕೋಶವು ಈ 'ತುಕ್ಕನ್ನೇ' ಸಂದೇಶ ಸಾಗಿಸುವ ಉಪಾಯವನ್ನಾಗಿ ಮಾಡಿಕೊಂಡಿದೆ.

ಪ್ರೋಟೀನುಗಳು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳಂತಿವೆ. ಅವುಗಳಲ್ಲಿ ಸಿಸ್ಟೀನ್ ಎಂಬ ಮಣಿಯ ತುದಿಯಲ್ಲಿ ಗಂಧಕದ ಒಂದು ಪರಮಾಣುವೂ ಅದಕ್ಕೆ ಅಂಟಿದ ಜಲಜನಕದ ಒಂದು ಪರಮಾಣುವೂ ಇರುತ್ತವೆ. ಎರಡು ಸಿಸ್ಟೀನ್‌ಗಳು ಉತ್ಕರ್ಷಣಗೊಂಡು ಜಲಜನಕವನ್ನು ಕಳೆದುಕೊಂಡರೆ, ಅವುಗಳ ಗಂಧಕಗಳು ಒಂದನ್ನೊಂದು ಕೂಡಿ ಸೇತುವೆಯಾಗುತ್ತವೆ. 51 ಅಮೈನೋ ಆಮ್ಲಗಳ ಇನ್ಸುಲಿನ್ನಿನಲ್ಲಿ ಇಂತಹ ಮೂರು ಸೇತುವೆಗಳಿವೆ. ಅದರ ರಚನೆಯನ್ನು ಬಿಡಿಸಿ ತೋರಿಸಿದ ಫ್ರೆಡರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಸಕ್ಕರೆಯನ್ನು ಒಳಸೇರಿಸಿಕೊಳ್ಳುವಂತೆ ಇನ್ಸುಲಿನ್ ಜೀವಕೋಶಕ್ಕೆ ಸಂದೇಶ ನೀಡುತ್ತದೆ. ಆ ಸಂದೇಶಕ್ಕೆ ಲಗಾಮು ಹಾಕುವ ಕಿಣ್ವವೊಂದಿದೆ. ಅದರ 215ನೆಯ ಮಣಿಯೇ ಸಿಸ್ಟೀನ್. ಇನ್ಸುಲಿನ್ ಬಂದು ತಟ್ಟಿದೊಡನೆ ಜೀವಕೋಶದಲ್ಲಿ ಅತ್ಯಲ್ಪ ಪ್ರಮಾಣದ ಹೈಡ್ರೊಜನ್ ಪೆರಾಕ್ಸೈಡ್ ಉಂಟಾಗಿ, ಆ ಸಿಸ್ಟೀನನ್ನು ಉತ್ಕರ್ಷಿಸುತ್ತದೆ. ಲಗಾಮು ಸಡಿಲಗೊಂಡು ಸಂದೇಶವು ಮುಂದೆ ಸಾಗುತ್ತದೆ. ಕೆಲಸ ಮುಗಿದ ಮೇಲೆ ಗ್ಲುಟಥಯಾನ್ ಮೊದಲಾದ ರಕ್ಷಕ ವಸ್ತುಗಳು ಸಿಸ್ಟೀನನ್ನು ಮೊದಲಿನ ಸ್ಥಿತಿಗೆ ತರುತ್ತವೆ. ಕುಡುಗೋಲಿನ ತುಕ್ಕಿಗೆ ಈ ಹಿಂದಿರುಗುವ ದಾರಿಯಿಲ್ಲ.

ಆದರೆ ಮಿತಿ ಮೀರಿದರೆ ಅಮೃತವೂ ವಿಷ. ಗಂಧಕಕ್ಕೆ ಆಮ್ಲಜನಕದ ಒಂದೇ ಪರಮಾಣು ಸೇರಿದ್ದರೆ ಅದನ್ನು ಸರಿಪಡಿಸಬಹುದು. ಮೂರು ಸೇರಿದರೆ ಪ್ರೋಟೀನು ಸಾಮಾನ್ಯವಾಗಿ ಶಾಶ್ವತವಾಗಿ ಕೆಡುತ್ತದೆ. ಕಣ್ಣಿನ ಮಸೂರದ ನಡುಭಾಗದ ಪ್ರೋಟೀನುಗಳು ಜೀವಮಾನವಿಡೀ ಬದಲಾಗುವುದಿಲ್ಲ. ವಯಸ್ಸಾದಂತೆ ಅಲ್ಲಿ ಗ್ಲುಟಥಯಾನ್ ಕಡಿಮೆಯಾಗುತ್ತದೆ. ಆಗ ಸಿಸ್ಟೀನ್‌ಗಳು ಉತ್ಕರ್ಷಣಗೊಂಡು, ಇರಬಾರದ ಕಡೆ ಸೇತುವೆಗಳು ಬೆಳೆದು, ಪ್ರೋಟೀನುಗಳು ಗಂಟುಕಟ್ಟುತ್ತವೆ. ವೃದ್ಧರ ಕಣ್ಣಿಗೆ ಪೊರೆ ಬರಲು ಇದೊಂದು ಮುಖ್ಯ ಕಾರಣ.

ಯಕೃತ್ತಿನಲ್ಲಿಯೂ ಗ್ಲುಟಥಯಾನೇ ಕಾವಲುಗಾರ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯ ಅಲ್ಪ ಭಾಗವು ಅಲ್ಲಿ ವಿಷವಾಗಿ ಮಾರ್ಪಡುತ್ತದೆ. ತಕ್ಕ ಪ್ರಮಾಣದಲ್ಲಿ ಸೇವಿಸಿದರೆ ಗ್ಲುಟಥಯಾನ್ ಆ ವಿಷವನ್ನು ಅಡಗಿಸುತ್ತದೆ. ಅತಿಯಾಗಿ ಸೇವಿಸಿದರೆ ಕಾವಲು ಬರಿದಾಗಿ, ವಿಷವು ಯಕೃತ್ತಿನ ಪ್ರೋಟೀನುಗಳ ಸಿಸ್ಟೀನ್‌ಗಳಿಗೇ ಅಂಟಿಕೊಂಡು ಪ್ರಾಣಕ್ಕೆ ಅಪಾಯ ತರುತ್ತದೆ. ಆಗ ವೈದ್ಯರು ಕೊಡುವ ಔಷಧ ಅಸಿಟೈಲ್‌ಸಿಸ್ಟೀನ್. ಅದು ಶರೀರಕ್ಕೆ ಸಿಸ್ಟೀನನ್ನು ಒದಗಿಸಿ, ಬರಿದಾದ ಗ್ಲುಟಥಯಾನನ್ನು ಮತ್ತೆ ತುಂಬುತ್ತದೆ. ಎಂಟು ಗಂಟೆಗಳೊಳಗೆ ಕೊಟ್ಟರೆ ಯಕೃತ್ತು ಬಹುಮಟ್ಟಿಗೆ ಉಳಿಯುತ್ತದೆ. ತಡವಾದಷ್ಟೂ ಅಪಾಯ ಹೆಚ್ಚು.

ಒಂದು ಗಂಧಕದ ಪರಮಾಣು ಕಣ್ಣಿಗೆ ಕಾಣದಷ್ಟು ಕಿರಿದು. ಆದರೂ ಅದರ ಸಮತೋಲವನ್ನು ಆರೋಗ್ಯವು ಆಶ್ರಯಿಸಿದೆ.